ಕೋಟೆಗೆ ಹೋದರೆ ಬಾಗಿಲಲ್ಲೇ ಅರ್ಧ ಗಂಟೆ ನಿಲ್ಲಿ: ಹೆಬ್ಬಾಗಿಲನ್ನು ಓದುವ ಬಗೆ

ಬೇಕಲ ಕೋಟೆಗೆ ನಾವು ಮಂಗಳೂರಿನವರು ಹೋಗುವುದು ಎಂತಕ್ಕೆ? ಸಮುದ್ರ ನೋಡಲಿಕ್ಕೆ. ಟಿಕೆಟ್ ತಗೊಂಡು, ಬಾಗಿಲು ದಾಟಿ, ಸೀದಾ ಎತ್ತರದ ಬತ್ತೇರಿ ಹತ್ತಿ, ಗಾಳಿಗೆ ಮುಖ ಒಡ್ಡಿ ನಾಲ್ಕು ಫೋಟೋ ತೆಗೆದು, ಬರುವಾಗ ಒಂದು ಬೊಂಡ ಕುಡಿದು ಮನೆಗೆ. ನಾನೂ ಎಷ್ಟೋ ಸಲ ಹೀಗೇ ಹೋಗಿ ಬಂದವನು. ಒಮ್ಮೆ ಅಕ್ಕನ ಮಗ ಜೊತೆಗಿದ್ದ, ಆರನೇ ಕ್ಲಾಸಿನವನು. ಒಳಗೆ ಹೋಗುವಾಗ ಕೇಳಿದ: "ಮಾವ, ಇಷ್ಟು ದೊಡ್ಡ ಕೋಟೆ ಕಟ್ಟಿದವರಿಗೆ ದಾರಿ ನೆಟ್ಟಗೆ ಮಾಡ್ಲಿಕ್ಕೆ ಬರ್ಲಿಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಓದಿದೆ, ಬೇರೆ ಕೋಟೆಗಳಿಗೂ ಹೋದೆ, ಈಗ ಕೋಟೆಗೆ ಹೋದರೆ ಬಾಗಿಲು ದಾಟಲಿಕ್ಕೇ ಅರ್ಧ ಗಂಟೆ ಹಿಡಿಯುತ್ತದೆ, ಮನೆಯವರಿಗೆ ಬೈಯಲು ಅದೊಂದು ಕಾರಣ. ನೀವೂ ಬೈಸಿಕೊಳ್ಳಲು ತಯಾರಿದ್ದರೆ ಮುಂದೆ ಓದಿ.

ಮೊದಲು ಒಂದು ಮಾತು ತಲೆಯಲ್ಲಿರಲಿ. ಕೋಟೆ ಎಂದರೆ ಗೋಡೆ. ಗೋಡೆಯಲ್ಲಿ ನಾವೇ ಕೈಯಾರೆ ಬಿಟ್ಟ ತೂತು ಎಂದರೆ ಬಾಗಿಲು. ಬಿಡದೆ ಉಪಾಯವಿಲ್ಲ, ಭತ್ತದ ಗಾಡಿ ಬರಬೇಕು, ದನ ಹೊರಗೆ ಮೇಯಬೇಕು, ಉಪ್ಪು, ಎಣ್ಣೆ, ನೆಂಟರು, ದೇವರ ಉತ್ಸವ ಎಲ್ಲವೂ ಅಲ್ಲಿಂದಲೇ. ಶತ್ರುವಿಗೂ ಇದು ಗೊತ್ತು. ಹಾಗಾಗಿ ಕಟ್ಟಿದವರ ತಲೆ ಅತಿ ಜಾಸ್ತಿ ಓಡಿರುವುದು ಇಲ್ಲೇ. ಇನ್ನೊಂದು ವಿಷಯ, ದಪ್ಪ ಹಲಗೆ ಹಾಕಿ ಶತ್ರುವನ್ನು ಹೊರಗಿಡುತ್ತೇವೆ ಎಂಬ ಭ್ರಮೆ ಅವರಿಗೆ ಇರಲಿಲ್ಲ. ಮರ ಒಂದಲ್ಲ ಒಂದು ಹೊತ್ತಿಗೆ ಒಡೆಯುತ್ತದೆ ಅಥವಾ ಸುಡುತ್ತದೆ. ಅವರಿಗೆ ಬೇಕಾಗಿದ್ದದ್ದು ಸಮಯ. ಬರುವವನನ್ನು ನಿಲ್ಲಿಸು, ತಿರುಗಿಸು, ಇಕ್ಕಟ್ಟಿಗೆ ನೂಕು, ಅವನು ನಿಂತಷ್ಟು ಹೊತ್ತು ಮೇಲಿನಿಂದ ನಿನ್ನ ಕೆಲಸ ನೀನು ಮಾಡು. ಆದ್ದರಿಂದ ಬಾಗಿಲು ನೋಡುವ ಸುಲಭದ ವಿಧಾನ ಇದು: ನೀವೇ ದಾಳಿ ಮಾಡುವವರು ಅಂದುಕೊಂಡು ನಡೆಯಿರಿ, ನಿಮ್ಮನ್ನು ಎಲ್ಲೆಲ್ಲಿ ನಿಲ್ಲಿಸಿದರು ಎಂದು ಬೆರಳಲ್ಲಿ ಎಣಿಸಿ.

ಹೊರಡುವ ಮುಂಚೆ

ಜಾಸ್ತಿ ಏನೂ ಬೇಡ. ಒಂದು ಟಾರ್ಚ್, ನೀರು, ಹಿಡಿತ ಇರುವ ಚಪ್ಪಲಿ. ನಮ್ಮ ಕರಾವಳಿಯ ಕೋಟೆಗಳು ಹೆಚ್ಚಾಗಿ ಮುರಕಲ್ಲಿನವು, ಮಳೆಗಾಲದಲ್ಲಿ ಪಾಚಿ ಹಿಡಿದು ಸೋಪು ಹಚ್ಚಿದ ಹಾಗೆ ಜಾರುತ್ತವೆ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಬೆಳಿಗ್ಗೆ ಬೇಗ ಹೋಗಿ, ಓರೆ ಬಿಸಿಲಿನಲ್ಲಿ ಕಲ್ಲಿನ ಮೇಲಿನ ಗೀರು, ತೂತು, ಸವೆತ ಎಲ್ಲ ಎದ್ದು ಕಾಣುತ್ತವೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲ ಚಪ್ಪಟೆ.

ನಮ್ಮ ಕಡೆಯ ಇನ್ನೊಂದು ಕಷ್ಟ: ಮರದ ಬಾಗಿಲು ಉಳಿದಿರುವುದಿಲ್ಲ. ಒರಲೆ, ಮಳೆ, ಉಪ್ಪುಗಾಳಿ ಸೇರಿ ತಿಂದು ಮುಗಿಸಿವೆ. ಇರುವುದು ಬರೀ ಖಾಲಿ ಕಮಾನು. ಬಾಗಿಲು ಹೇಗಿತ್ತು ಎಂಬುದನ್ನು ಕಲ್ಲಿನ ಗಾಯ ನೋಡಿಯೇ ಊಹಿಸಬೇಕು. ಮುರಕಲ್ಲು ಬೇಗ ಸವೆಯುತ್ತದೆ, ಹಾಗಾಗಿ ದಾರಂದಕ್ಕೆ, ಹೊಸ್ತಿಲಿಗೆ ಗಟ್ಟಿ ಕರಿಕಲ್ಲು ಹಾಕಿದ್ದರೆ ಮೊದಲು ಅಲ್ಲಿ ನೋಡಿ.

ಮೊದಲ ಹೆಜ್ಜೆ: ದೂರದಲ್ಲೇ ನಿಲ್ಲಿ

ಕಾರು ಬಾಗಿಲ ತನಕ ಒಯ್ಯಬೇಡಿ. ಇನ್ನೂರು ಮುನ್ನೂರು ಅಡಿ ಹಿಂದೆ ನಿಂತು ಕೇಳಿಕೊಳ್ಳಿ, ಇಲ್ಲಿಂದ ಬಾಗಿಲು ಕಾಣುತ್ತದಾ? ಬಹಳಷ್ಟು ಕಡೆ ಕಾಣುವುದಿಲ್ಲ. ಬುರುಜಿನ ಮರೆಯಲ್ಲೋ, ಗೋಡೆಯ ಮಡಿಕೆಯಲ್ಲೋ ಅವಿತಿರುತ್ತದೆ. ಆಮೇಲೆ ದಾರಿ ನೋಡಿ. ಅದು ಗೋಡೆಗೆ ಸಮಾನಾಂತರವಾಗಿ, ಗೋಡೆ ಪಕ್ಕದಲ್ಲೇ ಓಡುತ್ತದಾ? ಹಾಗಿದ್ದರೆ ಬಾಗಿಲು ಮುಟ್ಟುವ ತನಕ ನೀವು ಮೇಲಿನವರ ಕಣ್ಣಿನಡಿ ಮೆರವಣಿಗೆ ಹೋಗಬೇಕು.

ಗೋಡೆ ನಿಮ್ಮ ಯಾವ ಕೈಗೆ ಬರುತ್ತದೆ ಎಂದೂ ನೋಡಿ. ಗುರಾಣಿ ಹಿಡಿಯುವುದು ಎಡಗೈಯಲ್ಲಿ, ಕತ್ತಿ ಬಲಗೈಯಲ್ಲಿ. ಗೋಡೆ ಬಲಕ್ಕೆ ಬಂದರೆ ಗುರಾಣಿಯಿಲ್ಲದ ಮೈ ಗೋಡೆಯ ಕಡೆಗೆ ಬಯಲಾಯಿತು. ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಇದನ್ನು ಬರೆದಿಟ್ಟಿದ್ದಾನೆ: ಬಾಗಿಲಿಗೆ ದಾರಿ ನೇರ ಇರಬಾರದು, ಬರುವವನ ಬಲಮೈ ಗೋಡೆಗೆ ತೆರೆದಿರಬೇಕು. ಹಾಗಂತ ಎಲ್ಲ ತಿರುವಿಗೂ ಗುರಾಣಿಯ ಲೆಕ್ಕ ಹಚ್ಚಬೇಡಿ. ಗುಡ್ಡದ ಮೇಲಿನ ಕೋಟೆಯಲ್ಲಿ ಇಳಿಜಾರು ಹೇಳಿದ ಹಾಗೆ ದಾರಿ ಕೇಳಲೇಬೇಕು.

ದಾರಿಯೇ ಬಾಗಿಲಾದರೆ ಹೇಗೆ ಎಂದು ನೋಡಲು ಬೆಳ್ತಂಗಡಿ ಹತ್ತಿರದ ಗಡಾಯಿಕಲ್ಲಿಗಿಂತ ಒಳ್ಳೆಯ ಜಾಗ ಇಲ್ಲ. ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿ ತಾಯಿಯ ಹೆಸರಿನಲ್ಲಿ ಜಮಲಾಬಾದ್ ಎಂದು ಕರೆದ ಕೋಟೆ. ಒಂದೇ ಬಂಡೆ, ಒಂದೇ ಕಿರಿದಾದ ದಾರಿ, 1,800ಕ್ಕೂ ಹೆಚ್ಚು ಮೆಟ್ಟಿಲು. ಸಾವಿರ ಸೈನಿಕರನ್ನು ಕರೆದುಕೊಂಡು ಬನ್ನಿ, ಮೇಲಿನವನಿಗೆ ಎದುರಾಗುವುದು ಸಾಲಿನಲ್ಲಿ ಮೊದಲು ನಿಂತ ಒಬ್ಬನೋ ಇಬ್ಬರೋ, ಅವರೂ ಏದುಸಿರು ಬಿಡುತ್ತಾ. ಇದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಯದ್ದು, ಅರಣ್ಯ ಇಲಾಖೆಯವರು ಬಿಡುತ್ತಾರಾ ಎಂದು ಕೇಳಿಯೇ ಹೊರಡಿ.

ಅಗಳು

ಕಂದಕ ಎಂದು ಬೋರ್ಡಿನಲ್ಲಿ ಬರೆದಿರುತ್ತದೆ, ಹಳಬರು ಅಗಳು ಎನ್ನುತ್ತಾರೆ. ನೀರು ತುಂಬಿ ಮೊಸಳೆ ಬಿಡುತ್ತಿದ್ದರು ಎಂದು ಪ್ರತಿಯೊಂದು ಕೋಟೆಯಲ್ಲೂ ಯಾರಾದರೂ ಹೇಳುತ್ತಾರೆ, ಅದನ್ನು ಒಂದು ಕಿವಿಯಲ್ಲಿ ಕೇಳಿ ಸುಮ್ನಿರಿ. ಅಗಳಿನ ದೊಡ್ಡ ಕೆಲಸ ಬೇರೆ. ಏಣಿ ಇಡಲು, ಗಾಲಿ ಮೇಲಿನ ಯಂತ್ರ ತಳ್ಳಿ ತರಲು ಸಮತಟ್ಟು ನೆಲ ಸಿಗದ ಹಾಗೆ ಮಾಡುವುದು. ಒಣ ಅಗಳೂ ಅಷ್ಟೇ ಚೆನ್ನಾಗಿ ಈ ಕೆಲಸ ಮಾಡುತ್ತದೆ. ಬೀದರ್ ಕೋಟೆಯಲ್ಲಿ ಒಂದು ಕಡೆ ಬಂಡೆಯನ್ನೇ ಕೊರೆದು ಮೂರು ಸಾಲು ಅಗಳು ಮಾಡಿದ್ದಾರೆ, ನಡುವೆ ಕಲ್ಲಿನ ಗೋಡೆ ಹಾಗೇ ಬಿಟ್ಟು. ಒಂದು ಇಳಿದು ಹತ್ತಿದರೆ ಇನ್ನೊಂದು.

ಬಾಗಿಲ ಮುಂದೆ ಅಗಳಿದ್ದರೆ ಸೇತುವೆ ಬೇಕು, ಸೇತುವೆ ಎತ್ತಿಬಿಟ್ಟರೆ ಮುಗಿಯಿತು. ಯುರೋಪಿನ ಕೋಟೆಗಳಲ್ಲಿ ಸರಪಳಿ ಕಟ್ಟಿದ ಎತ್ತುಸೇತುವೆ ಇದ್ದದ್ದು ಅದಕ್ಕೇ. ಎತ್ತಿದಾಗ ಆ ಸೇತುವೆಯೇ ಬಾಗಿಲಿಗೆ ಇನ್ನೊಂದು ಹಲಗೆಯಾಗಿ ಅಡ್ಡ ನಿಲ್ಲುತ್ತಿತ್ತು. ನಮ್ಮ ಕಡೆ ಅಗಳು ಹುಡುಕುವುದೇ ಒಂದು ಸಾಹಸ, ಪೊದೆ ಬೆಳೆದು ತಗ್ಗು ಮುಚ್ಚಿರುತ್ತದೆ, ಕಾಲಿಡುವ ಮುಂಚೆ ಕೋಲಿನಲ್ಲಿ ತಟ್ಟಿ ನೋಡಿ. ಹಾವಿಗೆ ನಿಮ್ಮ ಇತಿಹಾಸದ ಆಸಕ್ತಿ ಗೊತ್ತಿರುವುದಿಲ್ಲ.

ಎರಡು ಬುರುಜುಗಳ ನಡುವೆ

ಬಾಗಿಲಿನ ಎರಡೂ ಕಡೆ ಮುಂದಕ್ಕೆ ಚಾಚಿದ ಕೊತ್ತಳ ಇರುವುದು ಅಂದಕ್ಕಲ್ಲ. ನೇರ ಗೋಡೆಯ ಮೇಲೆ ನಿಂತವನಿಗೆ ತನ್ನ ಕಾಲಡಿ ಏನಾಗುತ್ತಿದೆ ಎಂದು ಕಾಣುವುದಿಲ್ಲ, ಬಗ್ಗಿ ನೋಡಿದರೆ ಕೆಳಗಿನವನು ಬಾಣ ಬಿಡುತ್ತಾನೆ. ಆದರೆ ಪಕ್ಕದ ಬುರುಜಿನಿಂದ ಅಡ್ಡಕ್ಕೆ ನೋಡಿದರೆ ಬಾಗಿಲ ಬುಡ ಪೂರ್ತಿ ಕಾಣುತ್ತದೆ. ಪರೀಕ್ಷೆ ಮಾಡಿ. ಬಾಗಿಲಿಗೆ ಬೆನ್ನು ಹಾಕಿ ನಿಂತು ಎಡಬಲ ತಲೆ ಎತ್ತಿ, ಎಷ್ಟು ಕಿಂಡಿಗಳು ನಿಮ್ಮನ್ನು ನೋಡುತ್ತಿವೆ? ನಿಮಗೆ ಕಿಂಡಿ ಕಂಡರೆ ಕಿಂಡಿಯವನಿಗೂ ನೀವು ಕಾಣುತ್ತೀರಿ.

ಕಿಂಡಿಗಳ ಓರೆಯನ್ನೂ ನೋಡಿ. ಬೇಕಲದ ಹೊರಗೋಡೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಮೇಲಿನ ಸಾಲಿನ ಕಿಂಡಿ ದೂರದವನಿಗೆ, ಅದರ ಕೆಳಗಿನದ್ದು ಹತ್ತಿರ ಬಂದವನಿಗೆ, ಅತಿ ಕೆಳಗಿನದ್ದು ಗೋಡೆಗೇ ಅಂಟಿದವನಿಗೆ. ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ ಇದು, ಆಗ ಬಂದೂಕಿನ ಕಾಲ. ಬಾಣದ ಕಾಲದ ಕಿಂಡಿಗಳು ಉದ್ದಕ್ಕೆ, ಸೀಳಿದ ಹಾಗೆ ಇರುತ್ತವೆ.

ತಿರುವು, ಮತ್ತೆ ಇಲಿಬೋನಿನಂಥ ಅಂಗಳ

ಈಗ ಅಳಿಯನ ಪ್ರಶ್ನೆಗೆ ಬಂದೆವು. ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲಿ, ನನಗೆ ಅತಿ ಇಷ್ಟವಾದ ಭಾಗ ಇದೇ.

ನೇರ ದಾರಿಯ ತೊಂದರೆ ಮೂರು. ಓಡಿ ಬಂದು ಗುದ್ದಬಹುದು. ದೊಡ್ಡ ಮರದ ದಿಮ್ಮಿ ಹಿಡಿದು ಇಪ್ಪತ್ತು ಜನ ಒಟ್ಟಿಗೆ ನುಗ್ಗಬಹುದು. ತೋಪಿನ ಕಾಲದಲ್ಲಾದರೆ ದೂರದಿಂದಲೇ ಗುರಿಯಿಟ್ಟು ಬಾಗಿಲಿಗೆ ಹೊಡೆಯಬಹುದು. ಒಂದು ತಿರುವು ಹಾಕಿಬಿಡಿ, ಮೂರೂ ಹೋಯಿತು. ದಿಮ್ಮಿ ತಿರುಗುವುದಿಲ್ಲ. ನಮ್ಮ ಓಣಿಯಲ್ಲಿ ಮನೆ ಬದಲಿಸುವಾಗ ಮಂಚವನ್ನು ಮೂಲೆ ತಿರುಗಿಸಲು ಪಟ್ಟ ಪಾಡು ನೆನಪು ಮಾಡಿಕೊಳ್ಳಿ, ಅದೇ ಕತೆ, ಮೇಲಿನಿಂದ ಕಲ್ಲು ಬೀಳುವುದೊಂದು ಹೆಚ್ಚು. ಆನೆಯೂ ಅಷ್ಟೇ, ಓಡಲು ಜಾಗ ಇದ್ದರೆ ಮಾತ್ರ ಅದರ ಭಾರ ಕೆಲಸಕ್ಕೆ ಬರುತ್ತದೆ.

ಈ ಉಪಾಯ ಹಳೆಯದು. ಖಲೀಫ ಅಲ್ ಮನ್ಸೂರ್ 762ರಲ್ಲಿ ಬಗ್ದಾದನ್ನು ದುಂಡಗೆ ಕಟ್ಟಲು ಶುರು ಮಾಡಿದಾಗ ನಾಲ್ಕು ಹೊರಬಾಗಿಲುಗಳನ್ನೂ ಮಡಿಚಿದ ಹಾಗೆ, ಒಳಗೆ ಹೋಗಿ ತಿರುಗುವಂತೆ ಮಾಡಿಸಿದ್ದ. ಸಿರಿಯಾದ ಅಲೆಪ್ಪೊ ಕೋಟೆಯಲ್ಲಿ ಇದು ವಿಪರೀತಕ್ಕೆ ಹೋಗಿದೆ. ಅಗಳಿನ ಮೇಲೆ ಉದ್ದದ ಕಲ್ಲಿನ ಸೇತುವೆ, ಅದನ್ನು ದಾಟಿ ಬಾಗಿಲೊಳಗೆ ಹೊಕ್ಕರೆ ಐದಾರು ತಿರುವುಗಳ ಕತ್ತಲೆಯ ದಾರಿ, ನಡುನಡುವೆ ಕಬ್ಬಿಣದ ಕದ. ಸಲಾದಿನ್ನನ ಮಗ ಅಲ್ ಜಾಹಿರ್ ಘಾಜಿಯ ಕಾಲದ ಕೆಲಸ ಅದು, 13ನೇ ಶತಮಾನದ ಆರಂಭದ್ದು.

ನಮ್ಮಲ್ಲಿ ನೋಡಬೇಕಾದರೆ ಹಂಪಿಯ ಭೀಮನ ಬಾಗಿಲು. 1385ರ ಶಾಸನ ಇರುವ ಗಾಣಗಿತ್ತಿ ಬಸದಿಯ ಹತ್ತಿರವೇ ಇದೆ, ಬಸ್ಸಿನವರು ನಿಲ್ಲಿಸುವುದಿಲ್ಲ, ಗೈಡುಗಳೂ ಅಪರೂಪಕ್ಕೆ ಕರೆದೊಯ್ಯುತ್ತಾರೆ. ನೆಟ್ಟಗೆ ಒಳಗೆ ಹೋಗಲು ಆಗುವುದೇ ಇಲ್ಲ, ಎತ್ತರದ ಕಲ್ಲುಗೋಡೆಗಳ ನಡುವೆ ತಿರುಗಿ ತಿರುಗಿ ಹೋಗಬೇಕು. ಅಲ್ಲಿ ಸುಮ್ನೆ ಎರಡು ನಿಮಿಷ ನಿಂತರೆ ಸಾಕು, ಯಾರೂ ಇಲ್ಲದಿದ್ದರೂ ಮೇಲಿನಿಂದ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತದೆ.

ತಿರುವಿನ ದೊಡ್ಡಣ್ಣ ಎಂದರೆ ಹೊರ ಅಂಗಳ. ಬಾಗಿಲ ಮುಂದೆ ಇನ್ನೊಂದು ಗೋಡೆ ಸುತ್ತಿ ಸಣ್ಣ ಅಂಗಳ ಮಾಡುವುದು, ಅದಕ್ಕೊಂದು ಹೊರಬಾಗಿಲು. ಶತ್ರು ಹೊರಬಾಗಿಲು ಒಡೆದು ಗೆದ್ದೆ ಎಂದು ಒಳಗೆ ನುಗ್ಗುತ್ತಾನೆ, ಎದುರಿಗೆ ಇನ್ನೊಂದು ಬಾಗಿಲು, ಸುತ್ತಲೂ ಗೋಡೆ, ಗೋಡೆಯ ಮೇಲೆ ಬಿಲ್ಲು ಹಿಡಿದವರು. ಹಿಂದಿನಿಂದ ಅವನ ಕಡೆಯವರೇ ನೂಕುತ್ತಿರುತ್ತಾರೆ, ವಾಪಸು ಹೋಗಲೂ ಆಗದು. ಚೀನಾದವರು ಇದರಲ್ಲಿ ಎತ್ತಿದ ಕೈ. ನಾನ್‌ಜಿಂಗ್ ನಗರದ ಚುಂಗ್‌ಹ್ವಾ ಬಾಗಿಲು ಮಿಂಗ್ ರಾಜರ ಕಾಲದ್ದು, 14ನೇ ಶತಮಾನ. ಅಲ್ಲಿ ಒಂದರ ಹಿಂದೆ ಒಂದು ಮೂರು ಅಂಗಳ, ನಾಲ್ಕು ಬಾಗಿಲು. ಗೋಡೆಯೊಳಗೆ 27 ಗುಹೆಯಂಥ ಕೋಣೆಗಳು, ಅವುಗಳಲ್ಲಿ 3,000 ಸೈನಿಕರು ಅಡಗಿ ಕೂರಬಹುದಿತ್ತು ಎನ್ನುತ್ತಾರೆ. ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಾಗಿಲುಗಳಿಗೂ ಇಂಥ ಹೊರಅಂಗಳ ಇದ್ದವು, 19ನೇ ಶತಮಾನದಲ್ಲಿ ಓಡಾಟಕ್ಕೆ ಅಡ್ಡಿ ಎಂದು ಕೆಡವಿದರು, ಈಗ ವಾಮ್‌ಗೇಟ್ ಬಾರ್ ಎಂಬ ಒಂದು ಬಾಗಿಲಿನಲ್ಲಿ ಮಾತ್ರ ಉಳಿದಿದೆ. ರಸ್ತೆ ಅಗಲ ಮಾಡುವ ಕಾಯಿಲೆ ನಮ್ಮೊಬ್ಬರದ್ದೇ ಅಲ್ಲ.

ಅಂಗಳ ಕಟ್ಟಲು ಜಾಗ ಇಲ್ಲದಿದ್ದರೆ ಬಾಗಿಲಿನ ಎದುರು ಒಂದು ಅಡ್ಡಗೋಡೆ. ಬೀದಿಯವರಿಗೆ ಮನೆಯೊಳಗೆ ನೇರ ಕಾಣಬಾರದು ಎಂದು ನಾವು ಪರದೆ ಹಾಕುವುದಿಲ್ವಾ, ಹಾಗೆ. ಗೋಲ್ಕೊಂಡದ ಬಾಲಾ ಹಿಸಾರ್ ಬಾಗಿಲ ಮುಂದೆ ಇಂಥದ್ದೇ ಗೋಡೆಯಿದೆ. ಎಲ್ಲರೂ ಒಳಗಿನ ಗುಮ್ಮಟದಡಿ ಚಪ್ಪಾಳೆ ತಟ್ಟಿ ಬೆಟ್ಟದ ಮೇಲೆ ಕೇಳಿಸುವ ಆಟದಲ್ಲಿ ಮುಳುಗಿರುತ್ತಾರೆ, ಪಾಪ ಆ ಗೋಡೆಯನ್ನು ಕೇಳುವವರಿಲ್ಲ.

ಈಗ ಬಾಗಿಲಿಗೇ ಕೈ ಹಚ್ಚಿ

ಕೈ ಹಚ್ಚಿ ಅಂದರೆ ಕಣ್ಣು ಹಚ್ಚಿ, ಹಳೆಯ ಮರ, ಕಬ್ಬಿಣ ಮುಟ್ಟಬೇಡಿ. ಕದ ಉಳಿದಿಲ್ಲದಿದ್ದರೆ ಮೂರು ಗುರುತು ಹುಡುಕಿ.

ಒಂದು, ಹೊಸ್ತಿಲಿನ ಎರಡು ಮೂಲೆಯಲ್ಲಿ ಬಟ್ಟಲಿನಂಥ ಗುಂಡಿ, ಮೇಲೆ ಅದಕ್ಕೆ ಸರಿಯಾಗಿ ತೂತಿರುವ ಕಲ್ಲು. ಹಳೆಯ ಕದಕ್ಕೆ ಕೀಲು ಹೊಡೆಯುತ್ತಿರಲಿಲ್ಲ, ಅದರ ಒಂದು ಅಂಚಿನ ಮರವೇ ಮೇಲೂ ಕೆಳಗೂ ಮೂತಿ ಚಾಚಿ ಆ ಗುಂಡಿಯಲ್ಲಿ ತಿರುಗುತ್ತಿತ್ತು. ತಿರುಗುಣಿ ಎನ್ನುತ್ತೇವಲ್ಲ, ಅದೇ. ನಿಮ್ಮ ಅಜ್ಜನ ಮನೆಯ ಹಳೆಯ ಬಾಗಿಲಿನಲ್ಲೂ ಇದ್ದೀತು. ಗುಂಡಿ ಯಾವ ಕಡೆ ಇದೆ ಎಂದು ನೋಡಿದರೆ ಕದ ಒಳಕ್ಕೆ ತೆರೆಯುತ್ತಿತ್ತು ಎಂದು ಗೊತ್ತಾಗುತ್ತದೆ, ಮುಚ್ಚಿದಾಗ ದಾರಂದದ ಕಲ್ಲಿಗೆ ಒರಗಿ ನಿಲ್ಲುವ ಹಾಗೆ.

ಎರಡು, ಒಳಗಿನ ಪಕ್ಕದ ಗೋಡೆಯಲ್ಲಿ ಎದುರುಬದುರು ಚೌಕ ತೂತು. ಇದು ಅಗುಳಿಯ ಜಾಗ. ಒಂದು ಕಡೆಯ ತೂತು ಆಳವಾಗಿರುತ್ತದೆ, ಇನ್ನೊಂದು ಕಡೆಯದ್ದು ಗೇಣು ಆಳ ಅಷ್ಟೆ. ಮರದ ದಪ್ಪ ತೊಲೆಯನ್ನು ಆಳದ ತೂತಿನೊಳಗೆ ಪೂರ್ತಿ ತಳ್ಳಿಟ್ಟರೆ ಬಾಗಿಲು ಮುಕ್ತ, ಎಳೆದು ಎದುರಿನ ತೂತಿಗೆ ಸಿಕ್ಕಿಸಿದರೆ ಬಂದ್. ತೋಟದ ತಡಮೆಗೆ ಉಣುಗೋಲು ಹಾಕುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದನ ತಡೆಯುವ ವಿದ್ಯೆಯೇ, ಅಳತೆ ಮಾತ್ರ ದೊಡ್ಡದು. ಟಾರ್ಚು ಹಾಕಿ ಒಳಗೆ ನೋಡಿ, ಬೆರಳು ಹಾಕಬೇಡಿ, ಚೇಳು ಇರುತ್ತದೆ.

ಮೂರು, ಮುಳ್ಳು. ಕದ ಉಳಿದಿರುವ ಕಡೆ ಹೊರಮೈಗೆ ಕಬ್ಬಿಣದ ಚೂಪು ಮೊಳೆಗಳು ಕಾಣುತ್ತವೆ. ಅವು ಎಷ್ಟು ಎತ್ತರದಲ್ಲಿವೆ ಎಂದು ಗಮನಿಸಿ. ಮನುಷ್ಯನ ಎದೆಯ ಮಟ್ಟದಲ್ಲಲ್ಲ, ಅದಕ್ಕಿಂತ ಮೇಲೆ, ಆನೆಯ ಹಣೆಯ ಮಟ್ಟಕ್ಕೆ. ಪುಣೆಯ ಶನಿವಾರವಾಡೆ 1732ರದ್ದು, ಮಧ್ಯಯುಗ ಮುಗಿದ ಮೇಲಿನದ್ದು, ಆದರೂ ಅದರ ದಿಲ್ಲಿ ದರವಾಜೆಯ ಒಂದೊಂದು ಕದದ ಮೇಲೆ 72 ಮುಳ್ಳು, ಒಂದೊಂದೂ ಒಂದು ಅಡಿ ಉದ್ದ. ಯುರೋಪಿನಲ್ಲಿ ಈ ಮುಳ್ಳು ಕಾಣುವುದಿಲ್ಲ, ಅಲ್ಲಿ ಆನೆ ಎಲ್ಲಿಂದ ಬರಬೇಕು? ಯಾವ ಊರಿನಲ್ಲಿ ಯಾರ ಭಯವೋ ಅದರ ಬಾಗಿಲು ಹಾಗೆ.

ದೊಡ್ಡ ಕದದೊಳಗೆ ಒಂದು ಪುಟ್ಟ ಬಾಗಿಲೂ ಇರುತ್ತದೆ, ದಿಡ್ಡಿ ಬಾಗಿಲು. ಕತ್ತಲಾದ ಮೇಲೆ ಬಂದವರಿಗೆ ದೊಡ್ಡ ಕದ ತೆರೆಯುತ್ತಿರಲಿಲ್ಲ. ದಿಡ್ಡಿಯಲ್ಲಿ ಒಬ್ಬೊಬ್ಬರೇ, ತಲೆ ತಗ್ಗಿಸಿ, ಹೊಸ್ತಿಲು ಎತ್ತರ ಇರುವುದರಿಂದ ಕಾಲೆತ್ತಿ ಬರಬೇಕು. ತಲೆ ತಗ್ಗಿಸಿ ಒಂದು ಕಾಲಿನ ಮೇಲೆ ನಿಂತವನು ಕತ್ತಿ ಎತ್ತಲಾರ. ಹಳೆಯ ಗುತ್ತಿನ ಮನೆಗಳಲ್ಲಿ ಬಾಗಿಲು ಗಿಡ್ಡ ಇರುವುದಕ್ಕೆ ಹಿರಿಯರಿಗೆ, ದೈವಕ್ಕೆ ತಲೆ ಬಾಗಲಿ ಎಂದು ಕಾರಣ ಹೇಳುತ್ತಾರೆ. ಇರಬಹುದು. ಎರಡೂ ಇರಬಹುದು.

ತಲೆ ಎತ್ತಿ

ಬಾಗಿಲ ಓಣಿಯೊಳಗೆ ನಿಂತು ಚಾವಣಿ ನೋಡಿ. ನೂರಕ್ಕೆ ತೊಂಬತ್ತು ಜನ ನೋಡುವುದಿಲ್ಲ. ಕೆಲವು ಕೋಟೆಗಳಲ್ಲಿ ಅಲ್ಲಿ ತೂತುಗಳಿರುತ್ತವೆ. ಒಂದು ಕಡೆ ಗೈಡೊಬ್ಬರು, "ಇಲ್ಲಿಂದಲೇ ಸಾರ್ ಕುದಿಯುವ ಎಣ್ಣೆ ಸುರಿಯುತ್ತಿದ್ದದ್ದು" ಎಂದು ಹೇಳಿ, ನಾನು ಎದುರು ಮಾತಾಡಿದ್ದಕ್ಕೆ ಬೇಸರ ಮಾಡಿಕೊಂಡರು. ಮಾರಾಯ್ರೆ, ಸ್ವಲ್ಪ ಲೆಕ್ಕ ಹಾಕಿ. ಗಾಣದಲ್ಲಿ ತೆಗೆದ ಎಣ್ಣೆ, ಮುತ್ತಿಗೆಯ ಕಾಲ, ಒಳಗೆ ದೀಪಕ್ಕೆ ಅಡುಗೆಗೆ ಎಣ್ಣೆಯಿಲ್ಲ, ಅದನ್ನು ಕೊಪ್ಪರಿಗೆಗಟ್ಟಲೆ ಯಾರು ಸುರಿಯುತ್ತಾರೆ? ಕಲ್ಲು ಪುಕ್ಕಟೆ. ಬಿಸಿ ಮರಳು ಪುಕ್ಕಟೆ, ಕವಚದ ಸಂದಿಯಲ್ಲಿ ಇಳಿದರೆ ಎಣ್ಣೆಗಿಂತ ಕೆಟ್ಟದ್ದು. ಸುಣ್ಣ ಕಣ್ಣಿಗೆ ಬಿದ್ದರೆ ಮುಗಿಯಿತು. ಇವೆಲ್ಲಕ್ಕಿಂತ ಮುಖ್ಯ ತಣ್ಣೀರು. ಶತ್ರು ಮೊದಲು ಮಾಡುವ ಕೆಲಸ ಬಾಗಿಲಿಗೆ ಸೌದೆ ಒಟ್ಟಿ ಬೆಂಕಿ ಇಡುವುದು. ಅದನ್ನು ಆರಿಸಲು ಮೇಲಿನಿಂದ ನೀರು ಹೊಯ್ಯಬೇಕು. ಬಾಗಿಲಿನ ನೆತ್ತಿಯ ಮೇಲೆಯೇ ತೂತಿದ್ದರೆ ನನಗೆ ಮೊದಲು ಹೊಳೆಯುವುದು ನೀರಿನ ಕೊಡ.

ಓಣಿಯ ಪಕ್ಕದ ಗೋಡೆಗಳಲ್ಲಿ ಮೇಲಿನಿಂದ ಕೆಳತನಕ ಉದ್ದಕ್ಕೆ ಕೊರೆದ ತೋಡು ಕಂಡರೆ ಅಲ್ಲಿ ಇಳಿಬಾಗಿಲು ಇತ್ತು ಎಂದರ್ಥ. ಹಂಪನಕಟ್ಟೆಯ ಅಂಗಡಿ ಶಟರ್ ಇಳಿಯುವ ಹಾಗೆ, ಆದರೆ ಸುತ್ತಿಕೊಳ್ಳುವುದಿಲ್ಲ, ಕಬ್ಬಿಣ ಹೊದಿಸಿದ ಭಾರೀ ಮರದ ಜಾಲರಿ, ಇಡಿಯಾಗಿ ಮೇಲಿನ ಕೋಣೆಗೆ ಏರಿಸಿಟ್ಟಿರುತ್ತಾರೆ. ಇದರ ಗುಟ್ಟು ವೇಗ. ಕದ ಮುಚ್ಚಿ ಅಗುಳಿ ಹಾಕಲು ಹೊತ್ತು ಬೇಕು, ಬಾಗಿಲಲ್ಲಿ ಯಾರೋ ಗಾಡಿ ನಿಲ್ಲಿಸಿಬಿಟ್ಟರೆ ಮುಚ್ಚಲೂ ಆಗದು. ಇಳಿಬಾಗಿಲಿಗೆ ಹಗ್ಗ ಬಿಟ್ಟರೆ ಸಾಕು, ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಎರಡಿದ್ದರೆ ಇನ್ನೂ ಮಜಾ, ಶತ್ರುವಿನ ಒಂದಷ್ಟು ಜನ ಒಳಗೆ ಬಂದ ಮೇಲೆ ಮುಂದಿನದ್ದನ್ನೂ ಹಿಂದಿನದ್ದನ್ನೂ ಇಳಿಸಿದರೆ ಡಬ್ಬಿಯಲ್ಲಿ ಹಾಕಿ ಮುಚ್ಚಿದ ಹಾಗೆ. ವೇಲ್ಸ್‌ನ ಕಾರ್ನಾರ್ವನ್ ಕೋಟೆಯ ರಾಜಬಾಗಿಲಿಗೆ ಐದು ಕದ, ಆರು ಇಳಿಬಾಗಿಲು ಹಾಕುವ ಯೋಜನೆ ಇತ್ತು. 1283ರಲ್ಲಿ ಶುರುವಾದ ಕೋಟೆ, ಆ ಬಾಗಿಲು ಕೊನೆಗೂ ಪೂರ್ತಿಯಾಗಲಿಲ್ಲ. ನಮ್ಮ ದೇಶದ ಕೋಟೆಗಳಲ್ಲಿ ಇಳಿಬಾಗಿಲು ಅಪರೂಪ, ನಮ್ಮವರು ತಿರುವು ಮತ್ತು ಸಾಲುಬಾಗಿಲುಗಳನ್ನೇ ನಂಬಿದವರು.

ಕತ್ತಲೆಯನ್ನೇ ಬಾಗಿಲು ಮಾಡಿದ್ದೂ ಇದೆ. ದೇವಗಿರಿ, ಅಂದರೆ ದೌಲತಾಬಾದಿನಲ್ಲಿ, ಬೆಟ್ಟದ ಬುಡ ಕೆತ್ತಿ ಕಡಿದಾಗಿಸಿ, ಸುತ್ತ ಅಗಳು ತೋಡಿ, ಒಳಗೆ ಹೋಗಲು ಬಂಡೆಯೊಳಗೆ ಅಂಕುಡೊಂಕಿನ ಸುರಂಗ ಕೊರೆದಿದ್ದಾರೆ. ಅಂಧೇರಿ ಎಂದೇ ಹೆಸರು. ಮೇಲಿನ ಬಾಯಿಗೆ ಕಬ್ಬಿಣದ ಮುಚ್ಚಳ, ಅದರ ಮೇಲೆ ಬೆಂಕಿ ಹಾಕಿ ಹೊಗೆ ತುಂಬಿಸಿದರೆ ಒಳಗಿದ್ದವರ ಗತಿ ಅಷ್ಟೆ.

ಕಾವಲಿನವನ ಜಗಲಿ

ಒಳಗೆ ಬಂದಿರಿ. ಈಗ ಎರಡೂ ಪಕ್ಕದಲ್ಲಿ ಎತ್ತರದ ಜಗಲಿ, ಹಿಂದೆ ಸಣ್ಣ ಕೋಣೆ ಇರುತ್ತದೆ. ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಯ ಕಡೆಯ ಕವಲೇದುರ್ಗಕ್ಕೆ ಹೋಗಿ ನೋಡಿ. ಗುಡ್ಡದ ಮೈಗೆ ತಕ್ಕ ಹಾಗೆ ಮೂರು ಸುತ್ತು ಗೋಡೆ, ಪ್ರತಿ ಸುತ್ತಿನ ಬಾಗಿಲಿಗೂ ಎರಡು ಕಡೆ ಕಾವಲು ಕೋಣೆ. ಉಡುಪಿಯಿಂದ ಒಂದು ದಿನದಲ್ಲಿ ಹೋಗಿ ಬರಬಹುದು, ಬಾಗಿಲು ಓದಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಹತ್ತಿರದಲ್ಲಿಲ್ಲ. ಒಂದನ್ನು ನೋಡಿ, ಮುಂದಿನದ್ದರಲ್ಲಿ ಏನಿರಬಹುದು ಎಂದು ಊಹಿಸಿ, ಆಮೇಲೆ ಹೋಗಿ ತಾಳೆ ನೋಡಿ.

ವರ್ಷದ 365 ದಿನವೂ ಯುದ್ಧ ಇರುತ್ತಿರಲಿಲ್ಲ. ಹೆಚ್ಚಿನ ದಿನ ಈ ಜಾಗ ಟೋಲ್ ಗೇಟ್. ಸುಂಕ ವಸೂಲಿ, ಯಾರು ಬಂದರು ಯಾರು ಹೋದರು ಎಂಬ ಲೆಕ್ಕ, ಗಾಡಿಯವರ ಜೊತೆ ಜಗಳ. ಹಾಗಾಗಿ ನೆಲದ ಕಲ್ಲಿನಲ್ಲಿ ಗಾಡಿಚಕ್ರದ ಸವೆತ ಹುಡುಕಿ. ಜಗಲಿಯ ಮೇಲೆ ಹುಲಿ-ಕುರಿ ಆಟದ ಗೆರೆ ಕೊರೆದದ್ದು ಸಿಕ್ಕರೆ ನಿಮ್ಮ ಅದೃಷ್ಟ, ಹಂಪಿಯ ಕಲ್ಲುಹಾಸುಗಳಲ್ಲಿ ಇಂಥವು ಬೇಕಾದಷ್ಟಿವೆ. ಬಾಗಿಲ ಪಕ್ಕದಲ್ಲೇ ಆಂಜನೇಯನ ಗುಡಿ ಇರುತ್ತದೆ, ಬೇಕಲದಲ್ಲಿ ಮುಖ್ಯಪ್ರಾಣ. ಕೋಟೆ ಆಂಜನೇಯ ಇಲ್ಲದ ಕೋಟೆಯೂರು ನಮ್ಮಲ್ಲಿ ಕಡಿಮೆಯೇ. ಕಾವಲಿನವನು ನಿದ್ದೆ ಹೋದರೂ ಅವನು ಎಚ್ಚರ ಇರುತ್ತಾನೆ ಎಂಬ ಧೈರ್ಯ.

ಕೊನೆಯ ಹೆಜ್ಜೆ: ಹಿಂದೆ ತಿರುಗಿ, ಹಿತ್ತಿಲ ಬಾಗಿಲು ಹುಡುಕಿ

ಈಗ ಅದೇ ದಾರಿಯಲ್ಲಿ ವಾಪಸು ಬನ್ನಿ, ಈ ಸಲ ಕಾವಲಿನವನಾಗಿ. ಗೋಡೆಯ ಮೇಲೆ ಹತ್ತಲು ಮೆಟ್ಟಿಲು ಎಲ್ಲಿದೆ, ಬಾಗಿಲ ಹತ್ತಿರವೇ ಇದೆಯಾ, ಗೋಡೆಯ ನೆತ್ತಿಯಲ್ಲಿ ಹಲ್ಲಿನ ಸಾಲಿನ ಹಾಗಿರುವ ತೆನೆಗಳ ನಡುವಿನಿಂದ ನೀವು ಆಗ ನಿಂತ ಜಾಗಗಳು ಕಾಣುತ್ತವಾ ನೋಡಿ. ಕಾಣದ ಜಾಗ ಒಂದಾದರೂ ಇದ್ದರೆ ಅದು ಕಟ್ಟಿದವನ ತಪ್ಪು, ಅಥವಾ ಆಮೇಲೆ ಯಾರೋ ಗೋಡೆ ಕೆಡವಿದ್ದಾರೆ.

ಇಷ್ಟೆಲ್ಲ ಮಾಡಿದ ಹೆಬ್ಬಾಗಿಲು ಸೋತದ್ದು ಎಲ್ಲಿ ಎಂದು ಹುಡುಕಿದರೆ ಬಹಳ ಸಲ ಸಿಗುವುದು ಹೆಬ್ಬಾಗಿಲಲ್ಲೇ ಅಲ್ಲ. ಗೋಲ್ಕೊಂಡವನ್ನು ಔರಂಗಜೇಬ ಎಂಟು ತಿಂಗಳು ಮುತ್ತಿದ, ಸುರಂಗ ತೋಡಿಸಿದ, ತೋಪು ಹಾರಿಸಿದ, ಆಗಲಿಲ್ಲ. 1687ರಲ್ಲಿ ಒಳಗಿನ ಸರದಾರ ಅಬ್ದುಲ್ಲಾ ಖಾನ್ ಪನ್ನಿ ದುಡ್ಡು ತಿಂದು ರಾತ್ರಿ ಒಂದು ಸಣ್ಣ ಬಾಗಿಲು ತೆರೆದ, ಅಷ್ಟೆ. 1098ರಲ್ಲಿ ಆಂಟಿಯೋಕ್ ಪಟ್ಟಣ ಬಿದ್ದದ್ದೂ ಹಾಗೆಯೇ, ಒಂದು ಬುರುಜು ಕಾಯುವ ಫಿರೂಜ್ ಎಂಬವನು ಯುರೋಪಿನಿಂದ ಧರ್ಮಯುದ್ಧಕ್ಕೆಂದು ದಂಡೆತ್ತಿ ಬಂದ ಕ್ರುಸೇಡಿನವರನ್ನು ಏಣಿ ಹತ್ತಿಸಿಕೊಂಡ. ಇದರ ಉಲ್ಟಾ ಕತೆ ನಮ್ಮ ಚಿತ್ರದುರ್ಗದ್ದು. ಏಳು ಸುತ್ತಿನ ಕೋಟೆ, ಹೈದರಾಲಿಯ ಸೈನಿಕರು ಕಂಡುಕೊಂಡದ್ದು ಒಬ್ಬ ಮನುಷ್ಯ ತೆವಳಿ ಬರುವಷ್ಟು ಕಿಂಡಿ. ಊಟಕ್ಕೆ ಕೂತ ಗಂಡನಿಗೆ ನೀರು ತರಲು ಹೋದ ಓಬವ್ವ ಅಲ್ಲಿ ಒನಕೆ ಹಿಡಿದು ನಿಂತಳು ಎಂದು ಕತೆ. ಆ ಕಿಂಡಿಯಲ್ಲಿ ನೀವೂ ಒಮ್ಮೆ ತೂರಿ ನೋಡಿ, ತಲೆ ಮೊದಲು ಹೊರಬರುತ್ತದೆ, ಕೈಗಳು ಹಿಂದೆ ಉಳಿಯುತ್ತವೆ. ದಿಡ್ಡಿ ಬಾಗಿಲಿನ ಲೆಕ್ಕವೇ, ಅಲ್ವಾ?

ಆದ್ದರಿಂದ ಯಾವ ಕೋಟೆಗೆ ಹೋದರೂ ಸಣ್ಣ ಬಾಗಿಲು ಎಲ್ಲಿದೆ ಎಂದು ಕೇಳಿ. ನೀರು ತರುವ ದಾರಿ, ಹೆಣ ಒಯ್ಯುವ ದಾರಿ, ನದಿಗೆ ಇಳಿಯುವ ದಾರಿ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆಯಲ್ಲಿ ಒಂದು ಮುಖ್ಯ ಬಾಗಿಲು, ಮೂರು ಉಪಬಾಗಿಲು ಇವೆ, ಒಂದು ಸುತ್ತು ಹಾಕಿದರೆ ಯಾವುದು ಯಾರಿಗೆ ಎಂದು ನೀವೇ ಊಹಿಸುತ್ತೀರಿ.

ದೂರ ಹೋಗಲು ಪುರುಸೊತ್ತಿಲ್ಲದವರು ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ಶುರು ಮಾಡಿ. 1784ರ ಕಾವಲು ಗೋಪುರ, ಹೆಬ್ಬಾಗಿಲು ಇಲ್ಲ, ಅಗಳು ಇಲ್ಲ, ಆದರೆ ಕಿಂಡಿ ನೋಡಲು ಕಣ್ಣು ಪಳಗುತ್ತದೆ. ಒಂದೊಂದು ಕಿಂಡಿಗೂ ಕಣ್ಣಿಟ್ಟು ಗುರುಪುರ ಹೊಳೆಯ ಎಷ್ಟು ಭಾಗ ಕಾಣುತ್ತದೆ ನೋಡಿ.

ಬೆಂಗಳೂರಿಗೆ ಹೋಗುವ ದಾರಿಯಲ್ಲಾದರೆ ಸಕಲೇಶಪುರದ ಹತ್ತಿರ ಮಂಜರಾಬಾದ್. 1792ರದ್ದು, ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ, ತೋಪಿನ ಕಾಲದ ಹೊಸ ಲೆಕ್ಕಾಚಾರದ್ದು. ಅಕ್ಕನ ಮಗನನ್ನು ಅಲ್ಲಿಗೂ ಕರೆದುಕೊಂಡು ಹೋಗಿದ್ದೆ. ಈಗ ಅವನಿಗೆ ತಲೆ ಎತ್ತಿ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಬಾಗಿಲ ಚಾವಣಿಯಲ್ಲಿ ತೂತು ಹುಡುಕಿದ, ಸಿಗಲಿಲ್ಲ. ಸಿಕ್ಕಿದ್ದು ಕಲ್ಲಿನಲ್ಲಿ ಕೆತ್ತಿದ ಇಡೀ ಕೋಟೆಯ ನಕ್ಷೆ. "ಮಾವ, ಇವರು ಶತ್ರುವಿಗೆ ಬಾಗಿಲಲ್ಲೇ ಮ್ಯಾಪ್ ಕೊಟ್ಟಿದ್ದಾರಲ್ಲ" ಎಂದ. ಅದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.